ಕಥೆಯನ್ನು ಕಾಯುವವರು

ಕಾರವಾರ, ಅಂಕೋಲೆಗಳ ಸೀಮೆಯಲ್ಲಿ ಮಳೆಗಾಲ ಕಳೆದು ಕೊಯ್ಲು ಮುಗಿಯಿತೆಂದರೆ ಬಯಲಾಟದ ದಿನಗಳು ಬಂದವೆಂದೇ ಅರ್ಥ. ಬರಿದಾದ ಗದ್ದೆಯಲ್ಲಿ ರಂಗಸ್ಥಳ ಸಿದ್ಧವಾಗುತ್ತದೆ. ಚಂಡೆಯ ದನಿ ಗುಡ್ಡದಾಚೆಯ ಊರಿಗೂ ಕೇಳಿಸುತ್ತದೆ. ಹಿಂದಿನ ಕಾಲದಲ್ಲಿ ಜನರು ಸೂಡಿಯ ಬೆಳಕಿನಲ್ಲಿ ಹರದಾರಿಗಟ್ಟಲೆ ನಡೆದು ಬಂದು, ಚಾಪೆ ಹಾಸಿ, ಬೆಳಗಿನ ಮಂಗಳದವರೆಗೆ ಕುಳಿತು ಆಟ ನೋಡುತ್ತಿದ್ದರು. ಪ್ರಸಂಗವು ಅಭಿಮನ್ಯುವಿನ ಕಾಳಗವಾಗಿದ್ದರೆ ಅದರ ಕೊನೆ ಏನೆಂಬುದು ಅಲ್ಲಿ ಕುಳಿತಿದ್ದ ಚಿಕ್ಕ ಮಕ್ಕಳಿಗೂ ತಿಳಿದಿರುತ್ತಿತ್ತು. ಆದರೂ ಆ ಬಾಲವೀರನು ಚಕ್ರವ್ಯೂಹದೊಳಗೆ ಕಾಲಿಡುವ ಹೊತ್ತಿಗೆ ಮುದುಕರ ಕಣ್ಣುಗಳು ತೇವಗೊಳ್ಳುತ್ತಿದ್ದವು. ಹತ್ತು ಬಾರಿ ನೋಡಿದವರೂ ಹನ್ನೊಂದನೆಯ ಬಾರಿ ಅಷ್ಟೇ ವ್ಯಥೆಪಡುತ್ತಿದ್ದರು.

ಕಥೆಯಲ್ಲಿ ಬರುವವರು ನೆರೆಹೊರೆಯವರಲ್ಲ, ಬಂಧುಗಳಲ್ಲ. ಹೀಗಿದ್ದೂ ಅವರಿಗಾಗಿ ಮನಸ್ಸು ಮಿಡಿಯುವುದೇಕೆ? ನಮ್ಮ ಪ್ರಾಚೀನ ಕಾವ್ಯಮೀಮಾಂಸಕರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿದ್ದರು. ಕವಿಯ ಹೃದಯಕ್ಕೆ ಸಮನಾದ ಹೃದಯವುಳ್ಳವನನ್ನು ಅವರು ‘ಸಹೃದಯ’ ಎಂದು ಕರೆದರು. ಒಬ್ಬ ತಾಯಿಯ ಶೋಕವು ರಂಗದ ಮೇಲೆ ಎಲ್ಲ ತಾಯಂದಿರ ಶೋಕವಾಗುತ್ತದೆ. ಒಬ್ಬ ಬಾಲಕನ ಧೈರ್ಯವು ಎಲ್ಲ ಬಾಲಕರ ಧೈರ್ಯವಾಗುತ್ತದೆ. ಆದುದರಿಂದಲೇ ಪ್ರೇಕ್ಷಕನು ಅದನ್ನು ತನ್ನದೆಂದು ಅನುಭವಿಸಬಲ್ಲನು. ಈ ಅನುಭವವು ಒಂದು ರಾತ್ರಿಗೆ ಮುಗಿಯದೆ ಬಾಳಿನುದ್ದಕ್ಕೂ ಜೊತೆಗೂಡಿ ಬಂದಾಗ ಅದನ್ನು ಅಭಿಮಾನ ಎನ್ನುತ್ತೇವೆ.

ಇಂತಹ ನಂಟು ಬರಿಯ ಮೋಹವಲ್ಲವೇ ಎಂದು ಕೇಳುವವರುಂಟು. ಅದಕ್ಕೆ ಉತ್ತರವನ್ನು ಹುಡುಕುವಾಗ ಕಾರವಾರದಲ್ಲಿಯೇ ನಡೆದ ಒಂದು ಸಂಗತಿಯು ನೆನಪಿಗೆ ಬರುತ್ತದೆ. 1883ರಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಹರೆಯದ ಕವಿಯು ಈ ಕಡಲತೀರದ ಊರಿನಲ್ಲಿದ್ದಾಗ ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದನು. ಎಲ್ಲ ಮಮತೆಯನ್ನೂ ಕಡಿದುಕೊಂಡು ಗೆದ್ದೆನೆಂದು ಬೀಗುವ ಸಂನ್ಯಾಸಿಯೊಬ್ಬನು ಅದರ ನಾಯಕ. ಜನರು ದೂರವಿಟ್ಟ ಅನಾಥ ಬಾಲಿಕೆಯೊಬ್ಬಳು ಅವನನ್ನು ತಂದೆಯೆಂದು ನಂಬುತ್ತಾಳೆ. ಮಮತೆಗೆ ಹೆದರಿ ಅವನು ಅವಳನ್ನು ತೊರೆದು ಓಡುತ್ತಾನೆ. ಮನಸ್ಸು ತಡೆಯದೆ ಹಿಂದಿರುಗಿದಾಗ ಅವಳು ಬದುಕಿರುವುದಿಲ್ಲ. ಸೀಮಿತವಾದುದನ್ನು ಪ್ರೀತಿಸುವುದರ ಮೂಲಕವೇ ಅಸೀಮವಾದುದನ್ನು ಮುಟ್ಟಬೇಕೆಂಬುದು ಆ ನಾಟಕದ ತಿರುಳು. ಆ ಬಾಲಿಕೆಯೂ ಕವಿಯ ಕಲ್ಪನೆಯಲ್ಲಿ ಹುಟ್ಟಿದವಳೇ. ಆದರೂ ಅವಳಿಗಾಗಿ ಮರುಗುವ ಓದುಗನ ಮರುಕವು ಕಲ್ಪಿತವಲ್ಲ, ನಿಜವಾದುದು.

ಕಾಲ ಬದಲಾದಂತೆ ರಂಗಸ್ಥಳವೂ ಬದಲಾಗುತ್ತದೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ದೂರದರ್ಶನವು ಮನೆಮನೆಯೊಳಗೆ ಹೊಸ ರಂಗಸ್ಥಳವನ್ನು ತೆರೆಯಿತು. 1966ನೆಯ ಸೆಪ್ಟೆಂಬರ್ 8ರಂದು ಅಮೆರಿಕದ ಎನ್.ಬಿ.ಸಿ. ಸಂಸ್ಥೆಯು ‘ಸ್ಟಾರ್ ಟ್ರೆಕ್’ ಎಂಬ ವೈಜ್ಞಾನಿಕ ಕಥಾನಕದ ಧಾರಾವಾಹಿಯನ್ನು ಆರಂಭಿಸಿತು. ಇದನ್ನು ರೂಪಿಸಿದವನು ಜೀನ್ ರಾಡೆನ್‌ಬೆರಿ. ಮುಂದಿನ ಶತಮಾನಗಳಲ್ಲಿ ‘ಎಂಟರ್‌ಪ್ರೈಸ್’ ಎಂಬ ವ್ಯೋಮನೌಕೆಯು ನಕ್ಷತ್ರಗಳ ನಡುವೆ ಸಂಚರಿಸಿ ಹೊಸ ಲೋಕಗಳನ್ನು ಅರಸುವುದೇ ಅದರ ಕಥಾವಸ್ತು. ಹಳೆಯ ಕಡಲಯಾನದ ಕಾದಂಬರಿಗಳಿಂದ ರಾಡೆನ್‌ಬೆರಿಯು ಸ್ಫೂರ್ತಿ ಪಡೆದಿದ್ದನು. ಆದುದರಿಂದ ಆ ನೌಕೆಗೆ ಕಪ್ತಾನನಿದ್ದಾನೆ, ಚುಕ್ಕಾಣಿ ಹಿಡಿಯುವವನಿದ್ದಾನೆ, ವೈದ್ಯನಿದ್ದಾನೆ, ಯಂತ್ರಗಳನ್ನು ನೋಡಿಕೊಳ್ಳುವವನಿದ್ದಾನೆ. ಕಾರವಾರದ ದಂಡೆಯಲ್ಲಿ ನಿಂತು ಮೀನುಗಾರರ ದೋಣಿಗಳನ್ನೂ ನೌಕಾಪಡೆಯ ಹಡಗುಗಳನ್ನೂ ಕಂಡು ಬೆಳೆದ ಮಕ್ಕಳಿಗೆ ಈ ಸಂಸಾರವು ಅಪರಿಚಿತವೆನಿಸದು. ಹಡಗಿನಲ್ಲಿ ಹೊರಟವರೆಲ್ಲರೂ ಒಬ್ಬರನ್ನೊಬ್ಬರು ನೆಚ್ಚಿಯೇ ಬಾಳಬೇಕು.

ಈ ನೌಕೆಯ ಸಿಬ್ಬಂದಿಯ ಆಯ್ಕೆಯಲ್ಲಿಯೇ ಒಂದು ಹೊಸತನವಿತ್ತು. ಅಂದಿನ ಅಮೆರಿಕದಲ್ಲಿ ಕರಿಯರು ಸಮಾನ ಹಕ್ಕುಗಳಿಗಾಗಿ ಹೋರಾಡುತ್ತಿದ್ದರು. ರಷ್ಯಕ್ಕೂ ಅಮೆರಿಕಕ್ಕೂ ಶೀತಲ ಸಮರ ನಡೆದಿತ್ತು. ಅಂತಹ ಕಾಲದಲ್ಲಿ ಎಂಟರ್‌ಪ್ರೈಸ್ ನೌಕೆಯ ಮೇಲೆ ಆಫ್ರಿಕ ಮೂಲದ ಉಹುರಾ ಎಂಬ ಮಹಿಳೆ, ಏಷ್ಯ ಮೂಲದ ಸುಲು, ರಷ್ಯದ ಚೆಕಾಫ್ ಇವರೆಲ್ಲರೂ ಸರಿಸಮಾನರಾಗಿ ಕೆಲಸ ಮಾಡುವುದನ್ನು ವೀಕ್ಷಕರು ಕಂಡರು. ಇವರೆಲ್ಲರಿಗಿಂತಲೂ ಹೆಚ್ಚಾಗಿ ಜನರ ಮನಸ್ಸನ್ನು ಸೆಳೆದವನು ಸ್ಪಾಕ್. ಅವನ ತಂದೆಯು ವಲ್ಕನ್ ಎಂಬ ಅನ್ಯಗ್ರಹದವನು, ತಾಯಿಯು ಭೂಮಿಯವಳು. ಅಲ್ಲಿಯವರಿಗೆ ಅವನು ಪೂರ್ತಿ ತಮ್ಮವನಲ್ಲ. ಇಲ್ಲಿಯವರಿಗೂ ಪೂರ್ತಿ ತಮ್ಮವನಲ್ಲ. ಭಾವನೆಗಳನ್ನು ಬುದ್ಧಿಯ ಹತೋಟಿಯಲ್ಲಿಟ್ಟುಕೊಂಡು, ಯಾರಿಗೂ ತೋರಗೊಡದೆ ಅವನು ತನ್ನ ಒಂಟಿತನವನ್ನು ಹೊರುತ್ತಾನೆ. ಮನೆಯಲ್ಲಿ ಕೊಂಕಣಿಯನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುತ್ತ ಎರಡು ನುಡಿಗಳ ನಡುವೆ ಬೆಳೆಯುವ ಕಾರವಾರದ ಬಾಲಕನು ಸ್ಪಾಕ್‌ನ ಇಬ್ಬಗೆಯ ಬಾಳನ್ನು ಸ್ವಲ್ಪಮಟ್ಟಿಗಾದರೂ ಅರಿಯಬಲ್ಲನು. ಎರಡು ಮನೆಗಳಿರುವುದು ಕೊರತೆಯಲ್ಲ, ಸಂಪತ್ತು ಎಂಬುದನ್ನು ಅವನೂ ಮೆಲ್ಲಗೆ ಕಲಿಯುತ್ತಾನೆ.

1968ರಲ್ಲಿ ಅಮೆರಿಕದ ಬಾಲಿಕೆಯೊಬ್ಬಳು ಇದೇ ಕಾರಣದಿಂದ ಸ್ಪಾಕ್‌ನಿಗೆ ಒಂದು ಪತ್ರ ಬರೆದಳು. ಅವಳ ತಾಯಿ ಕರಿಯ ಜನಾಂಗದವಳು, ತಂದೆ ಬಿಳಿಯನು. ಎರಡು ಗುಂಪಿನವರೂ ತನ್ನನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತಿಲ್ಲವೆಂದೂ, ಸ್ಪಾಕ್‌ನೂ ಹೀಗೆಯೇ ನೊಂದವನೆಂದೂ ಅವಳು ತೋಡಿಕೊಂಡಿದ್ದಳು. ಪತ್ರವನ್ನು ಬರೆದದ್ದು ಇಲ್ಲದ ಮನುಷ್ಯನಿಗೆ. ಅದರಲ್ಲಿದ್ದ ದುಃಖ ಮಾತ್ರ ನಿಜವಾದುದು. ಸ್ಪಾಕ್‌ನ ಪಾತ್ರ ವಹಿಸುತ್ತಿದ್ದ ನಟ ಲೆನರ್ಡ್ ನಿಮಾಯ್ ಅದನ್ನು ನಕ್ಕು ಬದಿಗೊತ್ತಲಿಲ್ಲ. ಯುವಜನರ ಪತ್ರಿಕೆಯೊಂದರಲ್ಲಿ ಅವನು ದೀರ್ಘವಾದ ಉತ್ತರವನ್ನೇ ಬರೆದನು. ಎಲ್ಲರ ಮೆಚ್ಚುಗೆಯನ್ನು ಬಯಸಿ ಬಾಳುವುದಕ್ಕಿಂತ ತನ್ನ ಯೋಗ್ಯತೆಯನ್ನು ತಾನು ಅರಿತು ಬಾಳುವುದು ಮೇಲು ಎಂದು ಸ್ಪಾಕ್ ಕಂಡುಕೊಂಡ ಬಗೆಯನ್ನು ಅವಳಿಗೆ ವಿವರಿಸಿದನು. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಸಿಗದ ಸಾಂತ್ವನವನ್ನು ಅವಳು ಒಂದು ಕಥೆಯ ಬಾಗಿಲಲ್ಲಿ ನಿಂತು ಕೇಳಿದ್ದಳು. ಆ ಬಾಗಿಲು ತೆರೆಯಿತು.

ಆದರೆ ಈ ಧಾರಾವಾಹಿಯನ್ನು ನೋಡುವವರ ಸಂಖ್ಯೆ ಸಂಸ್ಥೆಯು ಬಯಸಿದಷ್ಟು ಇರಲಿಲ್ಲ. ಎರಡನೆಯ ವರ್ಷದಲ್ಲಿಯೇ ಅದನ್ನು ನಿಲ್ಲಿಸುವರೆಂಬ ಸುದ್ದಿ ಹಬ್ಬಿತು. ಆಗ ಬ್ಯೋ ಟ್ರಿಂಬಲ್ ಎಂಬ ಗೃಹಿಣಿಯೂ ಅವಳ ಪತಿ ಜಾನ್ ಎಂಬುವನೂ ಮುಂದೆ ಬಂದು, ಊರೂರಿನ ಅಭಿಮಾನಿಗಳಿಗೆ ಪತ್ರ ಬರೆಯಿರೆಂದು ಕರೆಯಿತ್ತರು. ಎನ್.ಬಿ.ಸಿ. ಕಚೇರಿಗೆ ಬಂದ ಪತ್ರಗಳು ಲಕ್ಷವನ್ನು ಮೀರಿದವು. 1968ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ವಿದ್ಯಾರ್ಥಿಗಳು ಪಂಜು ಹಿಡಿದು ಸಂಸ್ಥೆಯ ಕಚೇರಿಯವರೆಗೆ ಮೆರವಣಿಗೆ ಹೋದರು. ಕೊನೆಗೆ ಮಾರ್ಚ್ 1ರಂದು, ಧಾರಾವಾಹಿಯು ಮುಂದುವರಿಯುವುದೆಂದು ಸಂಸ್ಥೆಯು ಪ್ರಸಾರದಲ್ಲಿಯೇ ಸಾರಬೇಕಾಯಿತು. ಆ ಪತ್ರಗಳಲ್ಲಿ ಒಂದೊಂದಕ್ಕೂ ಒಂದು ಅಂಚೆಚೀಟಿಯ ಬೆಲೆ ಮಾತ್ರ. ಎಲ್ಲವೂ ಕೂಡಿದಾಗ ದೊಡ್ಡ ಸಂಸ್ಥೆಯೊಂದರ ನಿರ್ಧಾರವೇ ಬದಲಾಯಿತು.

ಆದರೂ ಆ ಗೆಲುವು ಬಹುಕಾಲ ಬಾಳಲಿಲ್ಲ. 79 ಕಂತುಗಳ ಬಳಿಕ 1969ರಲ್ಲಿ ಸ್ಟಾರ್ ಟ್ರೆಕ್ ನಿಂತೇ ಹೋಯಿತು. ಕಥೆಯು ಅಲ್ಲಿಗೆ ಮುಗಿಯಬೇಕಾಗಿತ್ತು, ಅಭಿಮಾನಿಗಳು ಮುಗಿಯಗೊಡಲಿಲ್ಲ. ಅವರು ಮರುಪ್ರಸಾರಗಳನ್ನು ತಪ್ಪದೆ ನೋಡಿದರು. ತಾವೇ ಕಥೆಗಳನ್ನು ಬರೆದು, ಕೈಯಚ್ಚಿನ ಪುಟ್ಟ ಪತ್ರಿಕೆಗಳನ್ನು ಹೊರಡಿಸಿ, ಅಂಚೆಯ ಮೂಲಕ ಹಂಚಿದರು. 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಒಂದು ಸಮ್ಮೇಳನವನ್ನು ಏರ್ಪಡಿಸಿದಾಗ, ಕೆಲವು ನೂರು ಜನ ಬರಬಹುದೆಂದು ವ್ಯವಸ್ಥಾಪಕರು ಎಣಿಸಿದ್ದರು. ಬಂದವರು ಮೂರು ಸಾವಿರಕ್ಕೂ ಹೆಚ್ಚು. ಇಂತಹ ಸಮ್ಮೇಳನಗಳಲ್ಲಿ ಅನೇಕರು ತಮ್ಮ ಮೆಚ್ಚಿನ ಪಾತ್ರದ ಉಡುಪನ್ನು ತಾವೇ ಹೊಲಿದು ತೊಟ್ಟು ಬರುವುದುಂಟು. ಅಂಕೋಲೆಯ ಕಡೆಯವರಿಗೆ ಇದರಲ್ಲಿ ವಿಚಿತ್ರವೇನೂ ತೋರದು. ಇಲ್ಲಿ ಹೋಳಿಯ ಕಾಲದಲ್ಲಿ ಹಾಲಕ್ಕಿ ಒಕ್ಕಲಿಗರು ಬಣ್ಣಬಣ್ಣದ ತುರಾಯಿಗಳನ್ನು ಧರಿಸಿ ಮನೆಯಿಂದ ಮನೆಗೆ ಸುಗ್ಗಿ ಕುಣಿಯುತ್ತ ಹೋಗುತ್ತಾರೆ. ನಿನ್ನೆ ಗದ್ದೆಯಲ್ಲಿ ದುಡಿದವನೇ ಇಂದು ಕುಣಿತದ ವೇಷಧಾರಿ. ತಾನು ಪ್ರೀತಿಸುವುದನ್ನು ದೂರದಿಂದ ನೋಡಿದರೆ ಮನುಷ್ಯನಿಗೆ ತೃಪ್ತಿಯಿಲ್ಲ. ಒಮ್ಮೆಯಾದರೂ ಅದರೊಳಗೆ ನಿಂತು ನೋಡಬೇಕೆಂಬ ಆಸೆ ಎಲ್ಲ ನಾಡಿನವರಲ್ಲಿಯೂ ಉಂಟು.

ಈ ಅಭಿಮಾನವು ಕಲ್ಪನೆಯ ಗಡಿಯನ್ನು ದಾಟಿ ನಿಜಜಗತ್ತನ್ನೂ ಮುಟ್ಟಿತು. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ತನ್ನ ಮೊದಲ ಷಟಲ್ ನೌಕೆಗೆ ‘ಕಾನ್‌ಸ್ಟಿಟ್ಯೂಶನ್’ ಎಂದು ಹೆಸರಿಡಲಿದ್ದಿತು. ಅಭಿಮಾನಿಗಳು ಮತ್ತೆ ಲೇಖನಿ ಹಿಡಿದು ಅಧ್ಯಕ್ಷ ಫೋರ್ಡರಿಗೆ ಪತ್ರ ಬರೆದರು. 1976ರಲ್ಲಿ ಆ ನೌಕೆಯು ‘ಎಂಟರ್‌ಪ್ರೈಸ್’ ಎಂಬ ಹೆಸರಿನಿಂದಲೇ ಹೊರಬಂದಿತು. ಅದು ಇಳಿಯುವ ಪರೀಕ್ಷೆಗಳಿಗೆಂದು ನಿರ್ಮಿತವಾದುದರಿಂದ ಬಾಹ್ಯಾಕಾಶಕ್ಕೆ ಎಂದೂ ಹೋಗಲಿಲ್ಲ.

ಬಾಹ್ಯಾಕಾಶವನ್ನು ಮುಟ್ಟಿದವರು ಬೇರೆ. ಉಹುರಾಳ ಪಾತ್ರ ವಹಿಸಿದ್ದ ನಿಶೆಲ್ ನಿಕಲ್ಸ್ ಮೊದಲ ವರ್ಷದ ಕೊನೆಯಲ್ಲಿ ಧಾರಾವಾಹಿಯನ್ನು ಬಿಡಲು ಯೋಚಿಸಿದ್ದಳು. ಮಾರ್ಟಿನ್ ಲೂಥರ್ ಕಿಂಗರು ಆಕೆಯನ್ನು ಕಂಡು, ಆ ಸ್ಥಾನವನ್ನು ಬಿಡಬಾರದೆಂದು ಕೇಳಿಕೊಂಡರೆಂದು ಆಕೆಯೇ ಮುಂದೆ ಹೇಳಿದ್ದಾಳೆ. ಕರಿಯ ಮಹಿಳೆಯೊಬ್ಬಳನ್ನು ಗೌರವದ ಹುದ್ದೆಯಲ್ಲಿ ಮಕ್ಕಳು ಕಾಣುವುದು ಎಷ್ಟು ಮುಖ್ಯವೆಂಬುದನ್ನು ಅವರು ಬಲ್ಲವರಾಗಿದ್ದರು. ನಿಕಲ್ಸ್ ಉಳಿದುಕೊಂಡಳು. 1977ರಲ್ಲಿ ನಾಸಾದ ಪರವಾಗಿ ದೇಶವನ್ನು ಸುತ್ತಿ, ವ್ಯೋಮಯಾನಕ್ಕೆ ಅರ್ಜಿ ಹಾಕಿರೆಂದು ಮಹಿಳೆಯರನ್ನೂ ಅಲ್ಪಸಂಖ್ಯಾತರನ್ನೂ ಹುರಿದುಂಬಿಸಿದಳು. ಮರುವರ್ಷ ಆಯ್ಕೆಯಾದ 35 ಮಂದಿಯಲ್ಲಿ ಆರು ಜನ ಮಹಿಳೆಯರೂ ಮೂವರು ಕರಿಯರೂ ಇದ್ದರು. ಬಾಲ್ಯದಲ್ಲಿ ಉಹುರಾಳನ್ನು ಕಂಡು ಕನಸು ಕಟ್ಟಿದ ಮೇ ಜೆಮಿಸನ್ 1992ರ ಸೆಪ್ಟೆಂಬರ್‌ನಲ್ಲಿ ಎಂಡೆವರ್ ನೌಕೆಯನ್ನೇರಿ, ಬಾಹ್ಯಾಕಾಶಕ್ಕೆ ಹೋದ ಮೊದಲ ಕರಿಯ ಮಹಿಳೆಯಾದಳು. ಕನಸು ಧಾರಾವಾಹಿಯಿಂದ ಬಂದಿರಬಹುದು; ವೈದ್ಯಶಾಸ್ತ್ರದ ವ್ಯಾಸಂಗವನ್ನೂ ಕಠಿನವಾದ ತರಬೇತಿಯನ್ನೂ ಆಕೆ ತಾನೇ ಸಾಧಿಸಬೇಕಾಯಿತು.

ಅಭಿಮಾನವು ಕಥೆಯನ್ನು ನಾಶದಿಂದ ಉಳಿಸಿದ ಇನ್ನೊಂದು ಉದಾಹರಣೆಯು ಇಂಗ್ಲೆಂಡಿನದು. ಅಲ್ಲಿಯ ಬಿ.ಬಿ.ಸಿ. ಸಂಸ್ಥೆಯು 1963ನೆಯ ನವೆಂಬರ್ 23ರಂದು ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯನ್ನು ಆರಂಭಿಸಿತು. ಕಾಲದಲ್ಲಿಯೂ ಆಕಾಶದಲ್ಲಿಯೂ ಸಂಚರಿಸಬಲ್ಲ ವಿಚಿತ್ರ ಯಾತ್ರಿಕನೊಬ್ಬನು ಅದರ ನಾಯಕ. ಅಂದು ಮುದ್ರಣದ ಪಟ್ಟಿಗಳು ದುಬಾರಿಯಾಗಿದ್ದವು. ಅವುಗಳನ್ನು ಇಡಲು ಸ್ಥಳವೂ ಸಾಲದಾಗಿತ್ತು. ಹಳೆಯ ಕಂತುಗಳು ಮತ್ತೆ ಬೇಕಾಗುವುವೆಂದು ಯಾರಿಗೂ ತೋರಲಿಲ್ಲ. ಆದುದರಿಂದ ಸಂಸ್ಥೆಯು ಅವುಗಳನ್ನು ಅಳಿಸಿ ಪಟ್ಟಿಗಳನ್ನು ಬೇರೆ ಕೆಲಸಕ್ಕೆ ಬಳಸಿತು. ಹೀಗೆ 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರಗಳು ಇಲ್ಲವಾದವು. ಆದರೆ ಅವುಗಳಲ್ಲಿ ಪ್ರತಿಯೊಂದರ ಧ್ವನಿಯೂ ಇಂದು ಉಳಿದಿದೆ. ಪ್ರಸಾರದ ಸಮಯದಲ್ಲಿ ಕೆಲವು ಅಭಿಮಾನಿಗಳು ತಮ್ಮ ಮನೆಗಳಲ್ಲಿಯೇ ಕಂತುಗಳ ಧ್ವನಿಯನ್ನು ಮುದ್ರಿಸಿಕೊಂಡು ಜೋಪಾನವಾಗಿಟ್ಟಿದ್ದುದೇ ಇದಕ್ಕೆ ಕಾರಣ. ಚಿತ್ರವನ್ನು ಹಿಡಿದಿಡುವ ಸಾಧನವು ಅವರಲ್ಲಿರಲಿಲ್ಲ. ದನಿಯನ್ನಾದರೂ ಉಳಿಸಿಕೊಳ್ಳೋಣವೆಂಬ ಆಸೆಯಿತ್ತು. ದೊಡ್ಡ ಸಂಸ್ಥೆಯೊಂದು ಕಳೆದುಕೊಂಡುದನ್ನು ಆ ಸಾಮಾನ್ಯ ಜನರು ಕಾಪಾಡಿಕೊಟ್ಟರು. 1989ರಲ್ಲಿ ನಿಂತಿದ್ದ ಆ ಧಾರಾವಾಹಿಯು 2005ರಲ್ಲಿ ಮತ್ತೆ ಆರಂಭವಾದಾಗ ಅದನ್ನು ಬರೆದು ನಡೆಸಿದವನು ಬಾಲ್ಯದಲ್ಲಿ ಅದರ ಅಭಿಮಾನಿಯಾಗಿದ್ದ ರಸೆಲ್ ಟಿ. ಡೇವಿಸ್.

ಉತ್ತರ ಕನ್ನಡ ಜಿಲ್ಲೆಯ ಯಕ್ಷಗಾನ ರಸಿಕರೂ ಇಂತಹದೇ ಕಾರ್ಯವನ್ನು ಮಾಡಿದ್ದಾರೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಮೇಳವಾಗಲಿ, ಭಸ್ಮಾಸುರ, ಕೀಚಕ ಮೊದಲಾದ ಪಾತ್ರಗಳಿಂದ ಮನೆಮಾತಾಗಿ 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಆಟವಾಗಲಿ ಈ ಜನರ ಪ್ರೀತಿಯ ಬಲದಿಂದಲೇ ಬಾಳಿದವು. ಕ್ಯಾಸೆಟ್ಟುಗಳು ಬಂದ ಕಾಲದಲ್ಲಿ ರಸಿಕರು ರಾತ್ರಿಯಿಡೀ ನಿದ್ದೆಗೆಟ್ಟು ಭಾಗವತರ ಪದಗಳನ್ನೂ ಹಿರಿಯ ಕಲಾವಿದರ ಅರ್ಥಗಾರಿಕೆಯನ್ನೂ ಮುದ್ರಿಸಿಕೊಂಡರು. ಅಂಕೋಲೆ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗಂತೂ ಯಂತ್ರದ ಹಂಗೂ ಬೇಕಾಗಿರಲಿಲ್ಲ. ಅಕ್ಷರ ಕಲಿಯದ ಆಕೆ ಹಾಲಕ್ಕಿಗಳ ಅಸಂಖ್ಯ ಹಾಡುಗಳನ್ನು ನೆನಪಿನಲ್ಲಿಯೇ ಕಾಪಾಡಿ, ಕಿರಿಯರಿಗೆ ಕಲಿಸಿ, 2017ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. 2025ರಲ್ಲಿ ಆಕೆ ತೀರಿಕೊಂಡರೂ, ಆಕೆ ಕಲಿಸಿದ ಹಾಡುಗಳು ಆಕೆಯೊಡನೆ ಹೋಗಲಿಲ್ಲ.

ಅಭಿಮಾನಕ್ಕೆ ನೆರಳಿನ ಬದಿಯೂ ಉಂಟೆಂಬುದನ್ನು ಮರೆಯಲಾಗದು. ಪಾತ್ರವನ್ನೂ ಪಾತ್ರಧಾರಿಯನ್ನೂ ಒಂದೇ ಎಂದು ತಿಳಿಯುವವರಿಂದ ನಟನಿಗೆ ಬಾಳು ಭಾರವಾಗುತ್ತದೆ. ಲೆನರ್ಡ್ ನಿಮಾಯ್ 1975ರಲ್ಲಿ ತನ್ನ ಆತ್ಮಕಥೆಗೆ ‘ನಾನು ಸ್ಪಾಕ್ ಅಲ್ಲ’ ಎಂಬ ಅರ್ಥದ ಹೆಸರನ್ನಿಟ್ಟನು. ಅಭಿಮಾನಿಗಳು ಇದರಿಂದ ನೊಂದರು. ಇಪ್ಪತ್ತು ವರ್ಷಗಳ ಬಳಿಕ ಬರೆದ ಇನ್ನೊಂದು ಗ್ರಂಥಕ್ಕೆ ‘ನಾನು ಸ್ಪಾಕ್’ ಎಂದೇ ಹೆಸರಿಟ್ಟು ಆ ನಂಟನ್ನು ಅವನು ಸಂತೋಷದಿಂದ ಒಪ್ಪಿಕೊಂಡನು. ತನಗೆ ಮೆಚ್ಚಿಗೆಯಾದುದನ್ನು ಎಲ್ಲರೂ ಮೆಚ್ಚಬೇಕೆಂದು ಹಟ ಹಿಡಿಯುವವರೂ, ಮೆಚ್ಚದವರನ್ನು ಹಗೆಗಳೆಂದು ಕಾಣುವವರೂ ಉಂಟು. ಕಥೆಯೊಳಗಿನ ನೋವಿಗೆ ಕರಗಿ, ಮಗ್ಗುಲಲ್ಲಿರುವವರ ನೋವನ್ನು ಕಾಣದೆ ಹೋದರೆ ಆ ಕರುಣೆಗೆ ಬೆಲೆಯಿಲ್ಲ. ಎಲ್ಲ ಸುಖವನ್ನೂ ಪರದೆಯ ಮುಂದೆಯೇ ಅರಸುವವನು ನಾಟಕದ ಸಂನ್ಯಾಸಿಯಂತೆ, ಕೈಹಿಡಿಯಲು ಬಂದವರನ್ನು ತೊರೆದು ಹೋದವನಾಗುತ್ತಾನೆ.

ಭಾರತದಲ್ಲಿಯೂ ದೂರದರ್ಶನವು 1980ರ ದಶಕದಲ್ಲಿ ಸ್ಟಾರ್ ಟ್ರೆಕ್ ಧಾರಾವಾಹಿಯನ್ನು ಪ್ರಸಾರ ಮಾಡಿತು. 1989ರಲ್ಲಿ ‘ಇಂದ್ರಧನುಷ್’, 1998ರಲ್ಲಿ ‘ಕ್ಯಾಪ್ಟನ್ ವ್ಯೋಮ್’ ಎಂಬ ನಮ್ಮವೇ ಆದ ವೈಜ್ಞಾನಿಕ ಧಾರಾವಾಹಿಗಳು ಬಂದವು. ಅವುಗಳನ್ನು ಕಂಡ ಮಕ್ಕಳು ಈಗ ಹಿರಿಯರಾಗಿದ್ದಾರೆ. ಇಂದಿನ ಮಕ್ಕಳು ಅಂಗೈಯಗಲದ ಪರದೆಯಲ್ಲಿ ತಮಗೆ ಬೇಕಾದ ಲೋಕವನ್ನು ಬೇಕೆಂದಾಗ ಕರೆಸಿಕೊಳ್ಳಬಲ್ಲರು. ಸಾಧನವು ಸುಲಭವಾದಷ್ಟೂ ಪ್ರೀತಿಯು ಹಗುರವಾಗುವ ಭಯವೂ ಇದೆ. ನೋಡಿ ಮರೆಯುವುದು ಸುಲಭ. ನೋಡಿದುದನ್ನು ಬಾಳಿಗೆ ಹೊಂದಿಸಿಕೊಳ್ಳುವುದು ಕಷ್ಟ.

ಕಥೆಯು ಬರೆದವನ ಕೈಯಿಂದ ಹೊರಟ ಮೇಲೆ ಅದನ್ನು ಮುಂದಕ್ಕೆ ಸಾಗಿಸುವವರು ಕೇಳಿದವರೇ. ಅಂಚೆಚೀಟಿ ಹಚ್ಚಿ ಪತ್ರ ಬರೆದವರು, ದನಿಯನ್ನು ಮುದ್ರಿಸಿಟ್ಟವರು, ಕನಸನ್ನು ನಂಬಿ ವೈದ್ಯಳಾಗಿ ವ್ಯೋಮಕ್ಕೇರಿದವಳು, ಮೊಮ್ಮಕ್ಕಳಿಗೆ ಹಾಡು ಕಲಿಸಿದ ಅಜ್ಜಿ, ಇವರೆಲ್ಲರೂ ತಮಗೆ ಸಂದ ಸಂತೋಷದ ಸಾಲವನ್ನು ತಮತಮಗೆ ತಿಳಿದ ರೀತಿಯಲ್ಲಿ ತೀರಿಸಿದವರು. ಒಂದು ಕಥೆಯು ಯಾರಿಗಾದರೂ ಕಷ್ಟಕಾಲದಲ್ಲಿ ಜೊತೆಯಾಗಿದ್ದರೆ, ಅದನ್ನು ಕೆಡದಂತೆ ಇನ್ನೊಬ್ಬರಿಗೆ ತಲುಪಿಸುವುದೂ, ಅದು ತೋರಿಸಿದ ಒಳಿತನ್ನು ತನ್ನ ಕೆಲಸದಲ್ಲಿ ತೋರಿಸುವುದೂ ಅವರ ಪಾಲಿನ ಕರ್ತವ್ಯ. ಅಭಿಮಾನವು ಹಿರಿದೆನಿಸುವುದು ಹೀಗೆ ನಡೆದುಕೊಂಡಾಗಲೇ.